ಕುತ್ತಿಗೆ ನೋವು ಮತ್ತು ಕಾಲ್ಬೆರಳಿಗೆ ಸಿಕ್ಕಿಸಿದ ಬಾಳೆನಾರು: ಒಂದು ಪ್ರಕರಣ

ಒಳಗೆ ಬಂದವರು ಕೂರುವ ಮೊದಲೇ ಎಕ್ಸ್‌ರೇ ಕವರನ್ನು ಮೇಜಿನ ಮೇಲಿಟ್ಟರು. "ಕುತ್ತಿಗೆಯ ಮೂಳೆ ಸವೆದಿದೆಯಂತೆ ಡಾಕ್ಟ್ರೇ. ಇನ್ನೆಂತ ಉಂಟು ಮಾಡ್ಲಿಕ್ಕೆ?" ಅಂದರು. ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್. ಉಡುಪಿ ಕಡೆ ಇದನ್ನು ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಿದ್ದುಬಿಡುತ್ತೇನೆ.

ಅವರಿಗೆ 52 ವರ್ಷ. ಶಂಕರಪುರದ ಹತ್ತಿರದ ಒಂದು ಹಳ್ಳಿ. ಮನೆ ಹಿಂದೆ ಮಲ್ಲಿಗೆ ಗಿಡಗಳಿವೆ. ಗಂಡ, ವಯಸ್ಸಾದ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಇಲ್ಲಿ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ, ಕ್ಲಿನಿಕ್ಕಿನಲ್ಲೂ ಹಾಗೆಯೇ ಕರೆಯುತ್ತಿದ್ದೆ. ಬರೆಯುವುದಕ್ಕೆ ಅವರ ಒಪ್ಪಿಗೆ ಕೇಳಿದ್ದೇನೆ. ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪು ಉಂಟು. ಅದು ಆಮೇಲೆ ಬರುತ್ತದೆ.

ಬಂದಾಗ ಇದ್ದದ್ದು

ನೋವು ಶುರುವಾಗಿ ಏಳೆಂಟು ತಿಂಗಳಾಗಿತ್ತು. ಮೊದಮೊದಲು ಬಲ ಹೆಗಲಿನ ಮೇಲೆ, ಕುತ್ತಿಗೆಯ ಬುಡದಲ್ಲಿ ಹಿಡಿದ ಹಾಗೆ. ಆಮೇಲೆ ಮೇಲೆ ಹತ್ತಿ ಹೆಡತಲೆಗೆ ಬಂತು. ಮಧ್ಯಾಹ್ನದ ಹೊತ್ತಿಗೆ ತಲೆನೋವು. ದಿನಾ ರಾತ್ರಿ ಬಾಮ್. ಅತ್ತೆ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಉಜ್ಜಿದ್ದರು, ಲಕ್ಕಿ ಸೊಪ್ಪು ಹಾಕಿದ ಬಿಸಿನೀರನ್ನೂ ಹೊಯ್ದಿದ್ದರು. ಅದರಿಂದ ಅರ್ಧ ದಿನ ಹಾಯೆನಿಸುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನೋವು ವಾಪಸ್.

ಆ ಹತ್ತು ಗಂಟೆ ಎಂಬ ಮಾತನ್ನು ನಾನು ಅವತ್ತೇ ಹಿಡಿದುಕೊಳ್ಳಬೇಕಿತ್ತು.

ಎರಡು ತಿಂಗಳ ಹಿಂದೆ ಯಾರೋ ಹೇಳಿದರೆಂದು ಎಕ್ಸ್‌ರೇ ತೆಗೆಸಿದ್ದರು. ವರದಿಯಲ್ಲಿ ಇದ್ದದ್ದು ಇಷ್ಟು: ಕುತ್ತಿಗೆಯ 5 ಮತ್ತು 6ನೇ ಮೂಳೆಯ ನಡುವೆ ಜಾಗ ಕಮ್ಮಿ, ಅಂಚಿನಲ್ಲಿ ಸಣ್ಣ ಮೂಳೆಮುಳ್ಳು, ಕುತ್ತಿಗೆಯ ಸಹಜ ಬಾಗು ನೇರವಾಗಿದೆ. ಕೊನೆಗೆ ದಪ್ಪ ಅಕ್ಷರದಲ್ಲಿ 'ಸರ್ವೈಕಲ್ ಸ್ಪಾಂಡಿಲೋಸಿಸ್', ಅಂದರೆ ಕುತ್ತಿಗೆಯ ಸವೆತ. ಆ ಎರಡು ಪದ ಅವರ ನಿದ್ದೆ ಕೆಡಿಸಿತ್ತು. ಮೆಡಿಕಲ್ ಶಾಪಿನಿಂದ ಕುತ್ತಿಗೆ ಬೆಲ್ಟ್ ತಂದು ಹಾಕಿದ್ದರು. ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ ಬೆಲ್ಟ್. ದನಕ್ಕೆ ಹುಲ್ಲು ಹೊರುವುದು ಬಿಟ್ಟಿದ್ದರು. ಆಚೆ ಮನೆಯವರು "ಅದು ಆಪರೇಷನ್ನಿಗೆ ಹೋಗ್ತದೆ" ಎಂದು ಬೇರೆ ಹೆದರಿಸಿದ್ದರು.

ಇನ್ನೊಂದು ದೂರೂ ಇತ್ತು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಜೋಮು ಹಿಡಿಯುತ್ತಿದ್ದವು. "ಕುತ್ತಿಗೆಯ ನರ ಒತ್ತುವುದಂತೆ, ಅದಕ್ಕೆ ಕೈಗೆ ಬರುವುದು" ಅಂದರು. ಅವರಿಗೆ ಹಾಗೆಂದು ಹೇಳಿದ್ದರು. ನಾನೂ ಹಾಗೆಯೇ ಬರೆದುಕೊಂಡೆ.

ಸವೆತ ಅಂದರೆ ಎಷ್ಟು ಹೆದರಬೇಕು?

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕುತ್ತಿಗೆ ನೋವಿನವರಲ್ಲಿ ಅರ್ಧ ಜನ ನನ್ನ ಹತ್ತಿರ ಬರುವುದು ನೋವಿನಿಂದಲ್ಲ, ವರದಿಯಿಂದ.

ಕುತ್ತಿಗೆಯಲ್ಲಿ 7 ಮೂಳೆಗಳು. ನಡುನಡುವೆ ಮೆತ್ತೆಯ ಹಾಗೆ ಡಿಸ್ಕ್. ವಯಸ್ಸಾದಂತೆ ಡಿಸ್ಕಿನಲ್ಲಿ ನೀರು ಕಮ್ಮಿಯಾಗುತ್ತದೆ, ದಪ್ಪ ತಗ್ಗುತ್ತದೆ, ಮೂಳೆಯ ಅಂಚು ಬೆಳೆಯುತ್ತದೆ. ಕೂದಲು ನರೆತ ಹಾಗೆ. ನರೆತ ಕೂದಲು ಯಾರಿಗೂ ನೋಯುವುದಿಲ್ಲ ಅಲ್ವಾ? ಜಪಾನಿನಲ್ಲಿ ಕುತ್ತಿಗೆ ನೋವೇ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಶೇ 87.6ರಷ್ಟು ಜನರ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗೆ ಇತ್ತು. ಅವರು ಯಾರೂ ಬೆಲ್ಟ್ ಹಾಕಿ ತಿರುಗುತ್ತಿರಲಿಲ್ಲ.

ಹಾಗೆಂದು ಎಕ್ಸ್‌ರೇ ಸುಳ್ಳು ಹೇಳಿತು ಎಂದಲ್ಲ. ಅಕ್ಕನಿಗೆ ಸವೆತ ಇದ್ದದ್ದು ನಿಜ. ಆದರೆ ಅದು ಹತ್ತು ವರ್ಷದಿಂದಲೂ ಇದ್ದಿರಬಹುದು. ಎಂಟು ತಿಂಗಳ ಹಿಂದೆ ನೋವು ಯಾಕೆ ಶುರುವಾಯಿತು, ದಿನಾ ಹತ್ತು ಗಂಟೆಗೇ ಯಾಕೆ ಬರುತ್ತದೆ, ಭಾನುವಾರ ಮದುವೆಗೆ ಹೋದಾಗ ಯಾಕೆ ಬರಲಿಲ್ಲ? ಇದಕ್ಕೆಲ್ಲ ಆ ಫಿಲ್ಮಿನಲ್ಲಿ ಉತ್ತರ ಇಲ್ಲ.

ಮೊದಲು ನೋಡಬೇಕಾದ್ದು ನೋಡಿದ್ದು

ಯಾರು ಬಂದರೂ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ಬಿದ್ದಿದ್ದೀರಾ, ಸ್ಕೂಟರ್ ಗುದ್ದಿತ್ತಾ? ಇಲ್ಲ. ಜ್ವರ? ತೂಕ ಇಳಿದಿದೆಯಾ? ರಾತ್ರಿ ಮಲಗಿದರೂ ಬಿಡದ ನೋವಾ? ಹಿಂದೆ ಕ್ಯಾನ್ಸರ್, ಟಿಬಿ ಇತ್ತಾ? ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿಯನ್ನು ಮರೆಯುವ ಹಾಗಿಲ್ಲ. ಎಲ್ಲದಕ್ಕೂ ಇಲ್ಲ ಎಂಬ ಉತ್ತರ.

ಆಮೇಲೆ ಬೆನ್ನುಹುರಿ. ಅದು ಒತ್ತಿದರೆ ನೋವಿಗಿಂತ ಮೊದಲು ಕೆಲಸ ಕೆಡುತ್ತದೆ. ರವಿಕೆಯ ಹುಕ್ಕು ಹಾಕಲು ಬರುವುದಿಲ್ಲ, ಅಕ್ಕಿ ಆರಿಸಲು ಬರುವುದಿಲ್ಲ, ನಡೆಯುವಾಗ ಕಾಲು ಸೆಟೆದ ಹಾಗಾಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ಗೀಯಾಮ ಬಿಟ್ಟು ಸೀದಾ ಆಸ್ಪತ್ರೆಗೆ. ಅಕ್ಕನನ್ನು ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸಿ ಒಂದೇ ಗೆರೆಯಲ್ಲಿ ನಡೆಸಿದೆ. ಸಲೀಸಾಗಿ ನಡೆದರು. ನಡುಬೆರಳಿನ ಉಗುರನ್ನು ಚಿಮ್ಮಿಸಿದೆ, ಹೆಬ್ಬೆರಳು ತಾನಾಗಿ ಮಡಚಲಿಲ್ಲ. ಮಲ್ಲಿಗೆ ಕಟ್ಟುವ ಬೆರಳುಗಳು ಅವು, ಚುರುಕಾಗಿಯೇ ಇದ್ದವು.

ಕತ್ತು ಎಡಕ್ಕೆ ಸುಮಾರು 70 ಡಿಗ್ರಿ ತಿರುಗಿತು, ಬಲಕ್ಕೆ 45ಕ್ಕೇ ನಿಂತಿತು. ಬಲ ಹೆಗಲಿನ ಸ್ನಾಯು ಒತ್ತಿದರೆ "ಅದೇ, ಅದೇ ಜಾಗ" ಎಂದು ಕೂಗಿದರು. ತಲೆಯನ್ನು ಬಲಕ್ಕೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿದೆ. ಕುತ್ತಿಗೆಯ ನರ ಒತ್ತುತ್ತಿದ್ದರೆ ಆಗ ನೋವು ಕೈಗೆ ಹರಿಯಬೇಕು. ಹರಿಯಲಿಲ್ಲ. ಮೊಣಕೈ ಮಡಚುವ ಬಲ, ಸುತ್ತಿಗೆಯಿಂದ ತಟ್ಟಿ ನೋಡುವ ಪ್ರತಿಕ್ರಿಯೆ, ಎರಡೂ ಎರಡು ಕೈಯಲ್ಲೂ ಸಮ.

ಇಲ್ಲೇ ನಾನು ಎಡವಿದ್ದು. ಕುತ್ತಿಗೆಯ ನರದ ಪರೀಕ್ಷೆಗಳೆಲ್ಲ ಸರಿ ಇದ್ದವು, ಆದರೂ ಬೆರಳಿಗೆ ಜೋಮು ಇತ್ತು. ಎರಡೂ ಕೂಡುವುದಿಲ್ಲ ಎಂದು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಎಕ್ಸ್‌ರೇಯಲ್ಲಿ 5-6ರ ನಡುವೆ ಸವೆತ ಉಂಟು, ಅಲ್ಲಿಂದ ಹೊರಡುವ 6ನೇ ನರ ಹೆಬ್ಬೆರಳಿಗೇ ಹೋಗುವುದು, ಲೆಕ್ಕ ಸರಿಹೋಯಿತು ಎಂದುಕೊಂಡೆ. ವರದಿ ನೋಡಿ ಹೆದರಬೇಡಿ ಎಂದು ಅವರಿಗೆ ಹೇಳಿದವನು ನಾನೇ. ಅದೇ ವರದಿಯನ್ನು ನಂಬಿ ಕೂತವನೂ ನಾನೇ.

ಬಿಸಿ ಶಾಖ, ಮೂರು ವ್ಯಾಯಾಮ, "ತಲೆ ಬಗ್ಗಿಸಿ ಜಾಸ್ತಿ ಹೊತ್ತು ಕೂರಬೇಡಿ" ಎಂಬ ಉಪದೇಶ. ಎರಡು ವಾರ ಬಿಟ್ಟು ಬರಲು ಹೇಳಿ ಕಳಿಸಿದೆ.

ಎರಡು ವಾರದ ನಂತರ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿದೆ. ಮೊದಲು ಏಳು ಇದ್ದದ್ದು ಆರೂವರೆ ಆಗಿತ್ತು, ಅಷ್ಟೆ. "ಕೂರಬೇಡಿ ಅಂದ್ರಿ. ಕೂರದೆ ಹೂವು ಕಟ್ಟುವುದು ಹೇಗೆ ಹೇಳಿ ಮಾರಾಯ್ರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಅವರ ಜಗಲಿಯಲ್ಲಿ

ಒಂದು ಶನಿವಾರ ಬೆಳಿಗ್ಗೆ ಅವರ ಮನೆಗೇ ಹೋದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಕಲಿತದ್ದರಲ್ಲಿ ಹೆಚ್ಚಿನದು ರೋಗಿಗಳ ಜಗಲಿಯಲ್ಲಿ.

ಊರ ಹೊರಗಿನವರಿಗೆ ಎರಡು ಮಾತು. ಉಡುಪಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಉಂಟು. ಇದರ ದರ ಶಂಕರಪುರದಲ್ಲಿ ದಿನದಿನಕ್ಕೆ ನಿಗದಿಯಾಗುತ್ತದೆ. ಮಾರುವುದು ಮೊಳದಲ್ಲಲ್ಲ, ತೂಕದಲ್ಲೂ ಅಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಹೂವು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕೊಡಬೇಕು. ತಡವಾದರೆ ಹೂವು ಉಳಿಯಿತು, ಅರಳಿದರೆ ಬೆಲೆ ಹೋಯಿತು. ಜಾತ್ರೆ, ಭೂತಕೋಲ, ಮದುವೆ ಎಲ್ಲ ಸೇರುವ ಮಾರ್ಚಿನಿಂದ ಮೇ ತನಕ ಹೂವೂ ಜಾಸ್ತಿ, ಅವಸರವೂ ಜಾಸ್ತಿ.

ಅಕ್ಕ ಆ ಸೀಸನ್ನಿನಲ್ಲಿ ದಿನಕ್ಕೆ ಒಂದೂವರೆ ಅಟ್ಟೆ ಕಟ್ಟುತ್ತಿದ್ದರು. ತಮ್ಮದು ಅರ್ಧ, ಆಚೆ ಮನೆಯದು ಉಳಿದದ್ದು. 4,800 ಹೂವು. ಮೊದಲು ಇದನ್ನು ಅತ್ತೆ ಸೊಸೆ ಹಂಚಿಕೊಂಡು ಕಟ್ಟುತ್ತಿದ್ದರು. ಅತ್ತೆಯ ಕಣ್ಣಿಗೆ ಪೊರೆ ಬಂದು ಅವರು ಬಿಟ್ಟದ್ದು ಯಾವಾಗ ಎಂದು ಕೇಳಿದೆ. "ಕಳೆದ ವರ್ಷ ಆಟಿಯಲ್ಲಿ" ಅಂದರು. ಆಟಿ ಅಂದರೆ ತುಳುನಾಡಿನ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್ ಹೊತ್ತು. ಬೆರಳು ಮಡಚಿ ಎಣಿಸಿದೆ. ಎಂಟು ತಿಂಗಳು.

ಜಗಲಿಯಲ್ಲಿ ಒಂದು ಮಣೆ. ನೆಲದಿಂದ ನಾಲ್ಕು ಬೆರಳು ಎತ್ತರ. ಅಕ್ಕ ಅದರ ಮೇಲೆ ಕೂತು ಬಲಗಾಲು ಮುಂದೆ ಚಾಚಿದರು. ಪಕ್ಕದಲ್ಲಿ ನೆಲದ ಮೇಲೆ ಹರಿವಾಣದಲ್ಲಿ ಮೊಗ್ಗು, ಒಂದು ಗಿಂಡಿಯಲ್ಲಿ ನೀರು, ನೆನೆಸಿಟ್ಟ ಬಾಳೆನಾರಿನ ಸಣ್ಣ ಕಟ್ಟು. ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡರು. ನಾರು ಬಿಗಿ ನಿಲ್ಲಬೇಕಲ್ಲ, ಅದಕ್ಕೆ. ಎಡಗೈಯಲ್ಲಿ ಮೊಗ್ಗು ಜೋಡಿಸಿ ಹಿಡಿಯುವುದು, ಬಲಗೈಯ ಹೆಬ್ಬೆರಳು ತೋರುಬೆರಳಲ್ಲಿ ನಾರು ಚಿವುಟಿ, ಮಣಿಕಟ್ಟು ಒಳಕ್ಕೆ ಮಡಚಿ ಒಂದು ಸುತ್ತು, ಎಳೆತ. ಮತ್ತೆ ಮೊಗ್ಗು. ಕಣ್ಣಿಗೆ ಹಬ್ಬದ ಹಾಗಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಆ ಕಾಲ್ಬೆರಳು. ಕಟ್ಟುವ ಜಾಗ ಕಾಲಿನ ಹತ್ತಿರ ಇದ್ದದ್ದರಿಂದ ಬೆನ್ನು ಬಾಗಿ, ಕುತ್ತಿಗೆ ಇನ್ನಷ್ಟು ಬಾಗಿ, ಮುಖ ಮೊಣಕಾಲಿನ ಮೇಲೆ ಬಂದಿತ್ತು. ಮೊಬೈಲಿನಲ್ಲಿ ಪಕ್ಕದಿಂದ ಒಂದು ಫೋಟೋ ತೆಗೆದೆ. ತಲೆ ಹತ್ತಿರ ಹತ್ತಿರ 60 ಡಿಗ್ರಿ ಬಗ್ಗಿತ್ತು. ಹರಿವಾಣ ಬಲಕ್ಕಿತ್ತು, ಹಾಗಾಗಿ ಸ್ವಲ್ಪ ಬಲಕ್ಕೆ ತಿರುಗಿಯೂ ಇತ್ತು. ಒಂದು ಚೆಂಡು ಮುಗಿಯಲು ಸುಮಾರು 40 ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಕ್ಕ ತಲೆ ಎತ್ತಿದ್ದು ಎರಡೇ ಸಲ. ಒಮ್ಮೆ ನನಗೆ ಚಾ ತರಲು ಮಗಳನ್ನು ಕರೆಯಲಿಕ್ಕೆ, ಇನ್ನೊಮ್ಮೆ ನಾಯಿಯನ್ನು ಓಡಿಸಲಿಕ್ಕೆ. ಹೀಗೆ ಆರು ಚೆಂಡು, ನಾಲ್ಕು ಗಂಟೆ. ಆರೂವರೆಗೆ ಕೂತರೆ ಏಳುವಾಗ ಹತ್ತೂವರೆ.

ನಮ್ಮ ತಲೆ ಸುಮಾರು 5 ಕಿಲೋ. ನೆಟ್ಟಗಿದ್ದರೆ ಕುತ್ತಿಗೆಗೆ ಅಷ್ಟೇ ಭಾರ. ಬಗ್ಗಿದ ಹಾಗೆ ಹಿಂದಿನ ಸ್ನಾಯುಗಳು ಹಗ್ಗ ಹಿಡಿದ ಹಾಗೆ ಎಳೆದು ನಿಲ್ಲಬೇಕು. 2014ರಲ್ಲಿ ಅಮೆರಿಕದ ಒಬ್ಬ ಬೆನ್ನುಮೂಳೆ ಸರ್ಜನ್ ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದರು. 15 ಡಿಗ್ರಿ ಬಗ್ಗಿದರೆ ಸುಮಾರು 12 ಕಿಲೋ, 60 ಡಿಗ್ರಿಗೆ ಸುಮಾರು 27 ಕಿಲೋ. ಮೊಬೈಲ್ ನೋಡುವವರನ್ನು ಹೆದರಿಸಲು ಈ ಅಂಕಿ ಎಲ್ಲ ಕಡೆ ಓಡಾಡುತ್ತದೆ. ಅದು ಲೆಕ್ಕ ಅಷ್ಟೆ. ಬಗ್ಗಿದವರಿಗೆಲ್ಲ ನೋವು ಬರುತ್ತದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಬಗ್ಗುವುದು ತಪ್ಪೂ ಅಲ್ಲ, ಕುತ್ತಿಗೆ ಇರುವುದೇ ಬಗ್ಗಲಿಕ್ಕೆ. ನಾಲ್ಕು ಗಂಟೆ ಅಲುಗಾಡದೆ ಒಂದೇ ಕೋನದಲ್ಲಿ ನಿಂತರೆ ಮಾತ್ರ ಸ್ನಾಯು ಜಗಳ ತೆಗೆಯುತ್ತದೆ. ಅದರ ಮೇಲೆ ಕೆಲಸ ಇದ್ದಕ್ಕಿದ್ದ ಹಾಗೆ ಇಮ್ಮಡಿಯಾದರೆ ಕೇಳುವುದೇ ಬೇಡ.

ಕುತ್ತಿಗೆ ನೋವಿನ ಸಾಮಾನ್ಯ ಕಾರಣ ಏನೆಂದು ಕೇಳಿದರೆ ನಾನು ಹೆಚ್ಚಾಗಿ ಇದನ್ನೇ ಹೇಳುವುದು. ಮಡಿಲಲ್ಲಿ ಗೆರಸೆ ಇಟ್ಟು ಬೀಡಿ ಕಟ್ಟುವ ಹೆಂಗಸರು, ಮಣಿಪಾಲದಲ್ಲಿ ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಓದುವ ಮಕ್ಕಳು, ಮಲ್ಪೆಯಲ್ಲಿ ಕೂತು ಬಲೆ ರಿಪೇರಿ ಮಾಡುವವರು, ಬ್ಯಾಂಕಿನಲ್ಲಿ ಕಂಪ್ಯೂಟರನ್ನು ಒಂದು ಬದಿಗಿಟ್ಟು ಗಿರಾಕಿ ಕಡೆ ತಿರುಗಿ ಮಾತಾಡುವ ಕ್ಲರ್ಕು. ಎಲ್ಲರ ಎಕ್ಸ್‌ರೇ ಬೇರೆ ಬೇರೆ, ಕತೆ ಒಂದೇ. ಇದರ ಮೇಲೆ ನಿದ್ದೆ ಕೆಡುವುದು, ಮನೆಯ ಚಿಂತೆ, ಹೆದರಿಕೆ ಎಲ್ಲ ಸೇರಿ ನೋವನ್ನು ಎಬ್ಬಿಸಿ ಕೂರಿಸುತ್ತವೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 20 ಕೋಟಿ ಜನರಿಗೆ ಕುತ್ತಿಗೆ ನೋವಿತ್ತು ಎಂಬ ಅಂದಾಜು ಉಂಟು. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಯಾಕೆಂದು ತಿಳಿಯಲು ಜಗಲಿಗೆ ಹೋಗಿ ನೋಡಿದರೆ ಸಾಕು ಅನಿಸುತ್ತದೆ ನನಗೆ.

ಬೆಲ್ಟಿನ ವಿಷಯ ಹೇಳಲೇಬೇಕು. ಹೂವು ಕಟ್ಟುವಾಗಲೂ ಹಾಕುತ್ತಿದ್ದಿರಾ ಎಂದು ಕೇಳಿದೆ. ಹಾಕಿ ತೋರಿಸಿದರು. ಗಲ್ಲ ಕೆಳಗೆ ಇಳಿಯುವುದಿಲ್ಲ, ಹೂವು ಕಾಣುವುದಿಲ್ಲ. ಹಾಗಾಗಿ ಇಡೀ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಕಣ್ಣು ಮಾತ್ರ ಕೆಳಗೆ ಮಾಡಿ ಕಟ್ಟುತ್ತಿದ್ದರು. ಅವರ ಸೊಂಟ ನೋವು ಶುರುವಾದದ್ದೂ ಆಗಲೇ. ಪೆಟ್ಟು ಬಿದ್ದವರಿಗೆ, ಆಪರೇಷನ್ ಆದವರಿಗೆ ಬೆಲ್ಟ್ ಬೇಕಾಗುತ್ತದೆ. ಬೇರೆಯವರಿಗೆ ನಾಲ್ಕು ದಿನ ಹಾಯೆನಿಸಬಹುದು. ತಿಂಗಳುಗಟ್ಟಲೆ ಹಾಕಿದರೆ ಸ್ನಾಯು ಸೋಮಾರಿಯಾಗುತ್ತದೆ, ಕತ್ತು ಇನ್ನೂ ಬಿಗಿಯುತ್ತದೆ.

ಮತ್ತೆ ಆ ಹೆಬ್ಬೆರಳು

ನಾನು ಹೊರಡುವಾಗ ಮಗಳು ಒಂದು ಮಾತು ಹೇಳಿದಳು. "ಅಮ್ಮ ರಾತ್ರಿ ಎದ್ದು ಕೂತು ಕೈ ಕೊಡವುತ್ತಾರೆ. ಥರ್ಮಾಮೀಟರ್ ಕೊಡವಿದ ಹಾಗೆ."

ಮೆಟ್ಟಿಲಿಳಿದವನು ವಾಪಸ್ ಬಂದೆ. ರಾತ್ರಿ ಜೋಮಿನಿಂದ ಎಚ್ಚರವಾಗುವುದು, ಕೈ ಕೊಡವಿದರೆ ಕಮ್ಮಿಯಾಗುವುದು ಕುತ್ತಿಗೆಯ ಲಕ್ಷಣ ಅಲ್ಲ. ಅದು ಮಣಿಕಟ್ಟಿನದು. ಮಣಿಕಟ್ಟಿನ ಒಳಭಾಗದಲ್ಲಿ ಒಂದು ಇಕ್ಕಟ್ಟಾದ ದಾರಿ ಉಂಟು, ಬೆರಳು ಮಡಚುವ ಒಂಬತ್ತು ಸ್ನಾಯುಹುರಿಗಳೂ ಒಂದು ನರವೂ ಅದರಲ್ಲೇ ಹೋಗಬೇಕು. ಮಣಿಕಟ್ಟು ಮಡಚಿ ಚಿವುಟಿ ಎಳೆಯುವ ಕೆಲಸ ಜಾಸ್ತಿಯಾದರೆ ಒಳಗೆ ಊತ ಬಂದು ನರ ಒತ್ತಿಹೋಗುತ್ತದೆ. ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಇದರ ಹೆಸರು. ಆ ನರ ಹೋಗುವುದೂ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧಕ್ಕೆ. ಕುತ್ತಿಗೆಯ 6ನೇ ನರದ ಜಾಗದ ಜೊತೆ ಕಲಸಿಹೋಗುವುದು ಹೀಗೆ.

ಜಗಲಿಯಲ್ಲೇ ಎರಡು ಕೈಯ ಹಿಂಭಾಗ ಒಂದಕ್ಕೊಂದು ತಾಗಿಸಿ, ಮಣಿಕಟ್ಟು ಮಡಚಿ ಹಿಡಿಯಲು ಹೇಳಿದೆ. ಒಂದು ನಿಮಿಷ ಹಿಡಿಯಬೇಕು. 25 ಸೆಕೆಂಡಿಗೆ "ಬಂತು ಬಂತು, ಜುಂ ಅಂತ ಬಂತು" ಎಂದು ಕೈ ಬಿಟ್ಟರು. ನಡುಬೆರಳಿಗೂ ಬಂತಾ ಎಂದು ಕೇಳಿದೆ. ಹೌದಂತೆ. ಮೊದಲೂ ಬರುತ್ತಿತ್ತಂತೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನರದ ಓಟ ಅಳೆಯುವ ಪರೀಕ್ಷೆಗೆ ಕಳಿಸಿದೆವು. ಮಣಿಕಟ್ಟಿನಲ್ಲಿ ನರ ಮಧ್ಯಮ ಮಟ್ಟದಲ್ಲಿ ನಿಧಾನವಾಗಿದೆ, ಕುತ್ತಿಗೆಯ ಕಡೆ ತೊಂದರೆ ಕಾಣುವುದಿಲ್ಲ ಎಂದು ಬಂತು. ಸಕ್ಕರೆ ಕಾಯಿಲೆಯಲ್ಲಿ, ಥೈರಾಯ್ಡ್ ಕಮ್ಮಿಯಾದಾಗಲೂ ಹೀಗಾಗುವುದುಂಟು. ಅಕ್ಕನ ಸಕ್ಕರೆ, ಥೈರಾಯ್ಡ್ ಎರಡೂ ಸರಿ ಇದ್ದವು. ಎರಡು ತಿಂಗಳು ಕೈಯ ಜೋಮಿಗೆ ಕುತ್ತಿಗೆಗೆ ಬೆಲ್ಟ್ ಹಾಕಿಕೊಂಡು ಕೂತಿದ್ದರು ಅಕ್ಕ. ಅದರಲ್ಲಿ ಎರಡು ವಾರ ನನ್ನ ಲೆಕ್ಕಕ್ಕೆ.

ಕೈ ಜೋಮು ಅಂದ ಕೂಡಲೇ ಕುತ್ತಿಗೆ ಎನ್ನುವುದು ಎಷ್ಟು ತಪ್ಪೋ, ಯಾವಾಗಲೂ ಮಣಿಕಟ್ಟು ಎನ್ನುವುದೂ ಅಷ್ಟೇ ತಪ್ಪು. ಕುತ್ತಿಗೆ ತಿರುಗಿಸಿದಾಗ ಕೈಗೆ ಛಳಕು ಹೊಡೆದರೆ, ಕೈಯನ್ನು ತಲೆ ಮೇಲೆ ಇಟ್ಟುಕೊಂಡಾಗ ಹಾಯೆನಿಸಿದರೆ ಕುತ್ತಿಗೆಯ ಕಡೆಯೇ ನೋಡಬೇಕು. ಎಡಗೈ, ಎದೆ, ದವಡೆ ಎಲ್ಲ ಸೇರಿ ಬಿಗಿದು ಬೆವರು ಬಂದರೆ ಇದ್ಯಾವುದನ್ನೂ ಯೋಚಿಸುತ್ತ ಕೂರಬಾರದು, ಅದು ಹೃದಯ ಇರಬಹುದು.

ಮಾಡಿದ್ದು

ಔಷಧಿ ಕಮ್ಮಿ, ಮರಗೆಲಸ ಜಾಸ್ತಿ ಎನ್ನಬಹುದು. ಅವರ ಮನೆಯಲ್ಲಿ ಹಳೆಯ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡ್ ಇತ್ತು, ಮೇಲೆ ಹಲಗೆ. ಅದರ ಅಂಚಿಗೆ ಗಂಡ ಒಂದು ಕೊಕ್ಕೆ ಹೊಡೆದರು. ಕಾಲ್ಬೆರಳಿನ ಕೆಲಸ ಈಗ ಆ ಕೊಕ್ಕೆಯದು. ಹರಿವಾಣ ಹಲಗೆಯ ಮೇಲೆ, ನೇರ ಎದುರಿಗೆ. ಕೂರಲು ಪ್ಲಾಸ್ಟಿಕ್ ಕುರ್ಚಿ. ಹೂವು ಎದೆಯ ಮಟ್ಟಕ್ಕೆ ಬಂತು, ತಲೆಯ ಬಾಗು ಅರ್ಧಕ್ಕಿಂತ ಕಮ್ಮಿಯಾಯಿತು.

ಮೊದಲ ದಿನವೇ ಫೋನ್ ಬಂತು. "ಆಗುವುದಿಲ್ಲ ಡಾಕ್ಟ್ರೇ. ಕೊಕ್ಕೆಯಲ್ಲಿ ಬಿಗಿ ಸಿಗುವುದಿಲ್ಲ. ಕಾಲಾದರೆ ಬೇಕಾದ ಹಾಗೆ ಎಳೀತದೆ." ನಿಜವಾದ ಮಾತು. ಮೂವತ್ತು ವರ್ಷದ ಕಾಲ್ಬೆರಳಿಗೆ ಗೊತ್ತಿದ್ದದ್ದು ಕೊಕ್ಕೆಗೆ ಹೇಗೆ ಗೊತ್ತಾಗಬೇಕು? ಮೂರು ದಿನ ಮಣೆ, ಮೂರು ದಿನ ಹಲಗೆ ಎಂದು ರಾಜಿಯಾಯಿತು. ಮೊದಲ ವಾರ ಹಲಗೆಯಲ್ಲಿ ಒಂದು ಚೆಂಡಿಗೆ 55 ನಿಮಿಷ ಹಿಡಿಯಿತು. ಮೂರನೇ ವಾರಕ್ಕೆ ಮೊದಲಿನ ವೇಗ ಬಂತು. ಆಮೇಲೆ ಮಣೆ ಮೂಲೆ ಸೇರಿತು.

ನಡುನಡುವೆ ಏಳಿ ಎಂದದ್ದಕ್ಕೂ ಒಪ್ಪಲಿಲ್ಲ. "ಎದ್ದರೆ ಹೂವು ಅರಳ್ತದೆ." ಸರಿ, ಏಳಬೇಡಿ ಎಂದೆ. ಅವರು ಹೇಗೂ ಹೂವು ಎಣಿಸುತ್ತಾರೆ. ಪ್ರತಿ 200ಕ್ಕೆ, ಅಂದರೆ ಕಾಲು ಚೆಂಡಿಗೆ ಒಮ್ಮೆ, ಕೈ ಕೆಳಗಿಟ್ಟು ಅಂಗಳದ ತುಳಸಿಕಟ್ಟೆಯ ಆಚೆ ಇರುವ ತೆಂಗಿನ ತಲೆ ನೋಡುವುದು, ಗಲ್ಲವನ್ನು ಹಿಂದಕ್ಕೆ ಎಳೆದು ಐದು ಎಣಿಸುವುದು, ಹೆಗಲು ಹಿಂದಕ್ಕೆ ತಿರುಗಿಸುವುದು. ಹದಿನೈದು ಸೆಕೆಂಡು. ಇದಕ್ಕೆ ಒಪ್ಪಿದರು.

ಸಂಜೆ ವ್ಯಾಯಾಮ ಹತ್ತು ನಿಮಿಷ. ಮಲಗಿ ಗಲ್ಲವನ್ನು ಮೆಲ್ಲಗೆ ಒಳಕ್ಕೆ ಎಳೆದು ಹಿಡಿಯುವುದು ಹತ್ತು ಸಲ. ಟವೆಲನ್ನು ತಲೆ ಹಿಂದೆ ಹಿಡಿದು ಅದರ ವಿರುದ್ಧ ತಲೆ ಒತ್ತುವುದು. ಹೆಗಲ ಹಿಂದಿನ ಎರಡು ಚಪ್ಪಟೆ ಮೂಳೆಗಳನ್ನು ಹತ್ತಿರ ತರುವುದು. ಎರಡು ವಾರದ ಮೇಲೆ ನೀರು ತುಂಬಿದ ಒಂದು ಲೀಟರ್ ಬಾಟಲಿ ಹಿಡಿದು ಹೆಗಲು ಎತ್ತಿಳಿಸುವುದು. ಬೆಲ್ಟ್ ಒಂದೇ ಸಲ ಬಿಡಲು ಹೆದರಿದರು, ದಿನಕ್ಕೆ ಒಂದು ಗಂಟೆಯಂತೆ ಕಮ್ಮಿ ಮಾಡಿ ಬಿಡಿಸಿದೆವು. ಹತ್ತಿಯ ಗಟ್ಟಿ ದಿಂಬು ಎರಡು ಇಟ್ಟು ಮಲಗಿ ಮೊಬೈಲಿನಲ್ಲಿ ಸೀರಿಯಲ್ ನೋಡುತ್ತಿದ್ದರು. ಒಂದು ದಿಂಬು ಮಗಳ ಕೋಣೆಗೆ ಹೋಯಿತು. ಸೀರಿಯಲ್ ಬಿಡಿಸುವ ಪ್ರಯತ್ನ ನಾನು ಮಾಡಲಿಲ್ಲ, ಎಲ್ಲದಕ್ಕೂ ಒಂದು ಮಿತಿ ಉಂಟು. ಮಣಿಕಟ್ಟಿಗೆ ರಾತ್ರಿ ಹೊತ್ತು ಮಾತ್ರ, ನೇರವಾಗಿ ಹಿಡಿದಿಡುವ ಪಟ್ಟಿ.

ನಡುವೆ ಒಂದು ದಿನ ನೋವು ಜಾಸ್ತಿಯಾಗಿ ಗಂಡ ಅವರನ್ನು ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಲು ಹೊರಟಿದ್ದರು. ತಲೆ ಹಿಡಿದು ಲಟಕ್ ಎಂದು ತಿರುಗಿಸುವ ಕ್ರಮ. ಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ. ಮೆದುಳಿಗೆ ಹೋಗುವ ರಕ್ತನಾಳ ಕುತ್ತಿಗೆಯ ಮೂಳೆಗಳ ತೂತಿನೊಳಗೇ ಹತ್ತುತ್ತದೆ. ಜೋರಾಗಿ ತಿರುಗಿಸಿದಾಗ ಅದರ ಒಳಪದರ ಹರಿದು ಲಕ್ವ ಹೊಡೆದ ಉದಾಹರಣೆ ಅಪರೂಪಕ್ಕಾದರೂ ಉಂಟು. ಕಟಿಂಗ್ ಮುಗಿದ ಮೇಲೆ ಸಲೂನಿನಲ್ಲಿ ಕತ್ತು ಮುರಿಸಿಕೊಳ್ಳುವವರಿಗೂ ಇದೇ ಮಾತು. ಎಣ್ಣೆ ಹಾಕಿ ಉಜ್ಜಿಸಿಕೊಳ್ಳಿ, ಬಿಸಿನೀರು ಹೊಯ್ಯಿಸಿಕೊಳ್ಳಿ, ನನ್ನ ತಕರಾರಿಲ್ಲ.

ನಾಲ್ಕು ತಿಂಗಳ ನಂತರ

ಆರನೇ ವಾರಕ್ಕೆ ಕುತ್ತಿಗೆ ನೋವು ಏಳರಿಂದ ಮೂರಕ್ಕೆ ಇಳಿಯಿತು. ಕತ್ತು ಬಲಕ್ಕೆ 65 ಡಿಗ್ರಿ ತಿರುಗಿತು. ತಲೆನೋವು ವಾರಕ್ಕೊಮ್ಮೆ. ಹುಲ್ಲಿನ ಹೊರೆ ಮತ್ತೆ ಶುರು ಮಾಡಿದರು, ಮೊದಲಿಗಿಂತ ಸಣ್ಣದು. ಮೇ ಕೊನೆಗೆ ಮದುವೆಗಳ ಗಲಾಟೆಯಲ್ಲಿ ಎರಡು ಅಟ್ಟೆ ಕಟ್ಟಿದ ವಾರ ನೋವು ಮತ್ತೆ ಐದಕ್ಕೆ ಹತ್ತಿತು. ಆಗ ಅವರು ಎಕ್ಸ್‌ರೇ ಹಿಡಿದು ಓಡಿ ಬರಲಿಲ್ಲ. ಆಚೆ ಮನೆಯ ಹೂವನ್ನು ಮೂರು ದಿನ ಬೇರೆಯವರಿಗೆ ಕೊಟ್ಟರು, ಅಷ್ಟೆ. ನಾಲ್ಕನೇ ತಿಂಗಳಿಗೆ ನೋವು ಎರಡು. ಮತ್ತೊಂದು ಎಕ್ಸ್‌ರೇ ತೆಗೆಸಬೇಕಾ ಎಂದು ಗಂಡ ಕೇಳಿದರು. ತೆಗೆಸಿದರೆ ಸವೆತ ಅಷ್ಟೇ ಇರುತ್ತದೆ, ದುಡ್ಡು ಮಾತ್ರ ಸವೆಯುತ್ತದೆ ಎಂದೆ.

ಕೈಯ ಜೋಮು ಅಷ್ಟು ಬೇಗ ಬಗ್ಗಲಿಲ್ಲ. ರಾತ್ರಿ ಏಳುವುದು ನಿಂತಿದೆ. ಆದರೆ ಹೂವು ಜಾಸ್ತಿ ಇದ್ದ ದಿನ ಹೆಬ್ಬೆರಳ ತುದಿ ಈಗಲೂ ಮರಗಟ್ಟುತ್ತದೆ. ಮಣಿಕಟ್ಟಿಗೆ ಒಂದು ಇಂಜೆಕ್ಷನ್ ಕೊಡಿಸಬಹುದು, ಅದಕ್ಕೂ ಬಗ್ಗದೆ ಹೆಬ್ಬೆರಳ ಬುಡದ ಮಾಂಸ ಸೊರಗಲು ಶುರುವಾದರೆ ಸಣ್ಣ ಆಪರೇಷನ್ ಮಾಡಬೇಕಾಗಬಹುದು ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಅಕ್ಕ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಮಳೆ ಜೋರಾಗ್ಲಿ. ಹೂವು ಕಮ್ಮಿ ಆದ ಮೇಲೆ ನೋಡುವ" ಅಂದರು. ಮುಂದಿನ ಭೇಟಿ ಆಟಿಯಲ್ಲಿ.